31 ಡಿಗ್ರಿಯ ಮೀಟರ್

(ನಮ್ಮ ಕೂಟದ ಶುಕ್ರವಾರದ ಕುಟುಂಬ ಮಿಲನದಲ್ಲಿ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಮಕ್ಕಳನ್ನೂ ಅವರ ಹೆತ್ತವರನ್ನೂ ಉದ್ದೇಶಿಸಿ ಆಡಿದ ಮಾತುಗಳ ಬರಹ ರೂಪ. ವಾರ್ಷಿಕ ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿದ್ದೇನೆ.)



ಊಟ ಮುಗಿಸಿ ಕೂತಿದ್ದೀರಿ. ಹೋಳಿಗೆ ತಿಂದ ಮೇಲೆ ಭಾಷಣ ಕೇಳೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಕಾರ್ಯದರ್ಶಿಗಳು "ಮಕ್ಕಳನ್ನು ಊರಿನ ಕಾಲೇಜಿಗೆ ಸೇರಿಸುವವರಿಗೆ ನಾಲ್ಕು ಮಾತು ಹೇಳಿ, ನೀವು ಎಂಜಿನಿಯರ್ ಅಲ್ವಾ" ಅಂದರು. ನಾನು ಒಪ್ಪಿಕೊಂಡೆ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿವಿಲ್ ಐಡಿ ಪ್ರಕಾರ ನಾನು ಈಗ ಎಂಜಿನಿಯರ್ ಅಲ್ಲ. 2018ರಿಂದ ನಾನು ಸೂಪರ್‌ವೈಸರ್. ಕೆಲಸ ಅದೇ, ಕಂಪನಿ ಅದೇ, ಹೆಲ್ಮೆಟ್ಟೂ ಅದೇ. ಅಕಾಮಾದಲ್ಲಿ ಬರೆದ ಪದ ಮಾತ್ರ ಬದಲಾಯಿತು. ಯಾಕೆ ಬದಲಾಯಿತು ಅನ್ನೋದೇ ಇವತ್ತಿನ ನನ್ನ ಮಾತು.

ನಾನು ರಾಣೆಬೆನ್ನೂರಿನ ಕಡೆಯವನು. ಅಪ್ಪನಿಗೆ ಐದು ಎಕರೆ ಹೊಲ, ಮಳೆ ಬಂದರೆ ಗೋವಿನಜೋಳ, ಬರದಿದ್ದರೆ ಸಾಲ. 2002ರಲ್ಲಿ ಸಿಇಟಿ ಬರೆದು ಮೆಕ್ಯಾನಿಕಲ್ ಸೀಟು ತಗೊಂಡೆ. ನಮ್ಮ ಮನೆತನದಲ್ಲಿ ಎಂಜಿನಿಯರಿಂಗ್ ಮೆಟ್ಟಿಲು ಹತ್ತಿದ ಮೊದಲನೆಯವನು. ಕಾಲೇಜಿನ ಹೆಸರು ಹೇಳುವುದಿಲ್ಲ. ಇಲ್ಲಿರುವ ಬಹಳ ಜನ "ಅಯ್ಯೋ, ಇದು ನಮ್ಮದೇ ಕಾಲೇಜು" ಅಂದುಕೊಳ್ಳುತ್ತೀರಿ, ಅಷ್ಟೇ ಸಾಕು.

ಕಟ್ಟಡ ಮಾತ್ರ ಅರಮನೆ ಥರ ಇತ್ತು. ಮುಂದೆ ಕಾರಂಜಿ, ಸಂಸ್ಥಾಪಕರ ಪುತ್ಥಳಿ. ಅಪ್ಪ ಅದನ್ನು ನೋಡಿಯೇ ಎತ್ತು ಮಾರಿದ್ದಕ್ಕೆ ಸಮಾಧಾನ ಮಾಡಿಕೊಂಡರು. ಆಫೀಸಿನಲ್ಲಿ ಸರ್ಕಾರಿ ಫೀಸಿಗೆ ರಸೀದಿ ಕೊಟ್ಟರು. ಅದರ ಮೇಲೆ "ಡೆವಲಪ್‌ಮೆಂಟ್" ಅಂತ ಇನ್ನೊಂದಿಷ್ಟು ದುಡ್ಡು ತಗೊಂಡರು, ಅದಕ್ಕೆ ರಸೀದಿ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡುಗಳ ಮೂಲಪ್ರತಿ ತಗೊಂಡು ಬೀರುವಿನಲ್ಲಿ ಇಟ್ಟರು. "ಕೋರ್ಸ್ ಮುಗಿದ ಮೇಲೆ ಕೊಡ್ತೀವಿ" ಅಂದರು. ನಾವು ತಲೆಯಾಡಿಸಿದೆವು. ಕೇಳಬಹುದು ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಪಾಠದ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಮೇಷ್ಟ್ರು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ವಯಸ್ಸಾದ ಒಬ್ಬ ಪ್ರೊಫೆಸರ್ ಇದ್ದರು, ಥರ್ಮೋಡೈನಮಿಕ್ಸನ್ನು ಅಡುಗೆಮನೆಯ ಕುಕ್ಕರ್ ಇಟ್ಟುಕೊಂಡೇ ಹೇಳಿಕೊಡುತ್ತಿದ್ದರು. ಅವರನ್ನು ಬಿಟ್ಟರೆ ಹೆಚ್ಚಿನವರು ಹಿಂದಿನ ವರ್ಷ ಅದೇ ಕಾಲೇಜಿನಲ್ಲಿ ಪಾಸಾದ ಹುಡುಗರು. ಬೆಂಗಳೂರಿನಲ್ಲಿ ಕೆಲಸ ಸಿಗೋವರೆಗೆ ಇಲ್ಲಿ ಲೆಕ್ಚರರ್. ಅವರ ಸಂಬಳವೂ ಎರಡು ಮೂರು ತಿಂಗಳು ತಡ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರು ಸೆಮಿಸ್ಟರ್ ಮಧ್ಯದಲ್ಲಿ ಹೋದರು, ಆರು ವಾರ ಆ ವಿಷಯಕ್ಕೆ ಯಾರೂ ಬರಲಿಲ್ಲ. ಆಮೇಲೆ ಬಂದವರು ನೋಟ್ಸ್ ಓದಿ ಬರೆಸಿದರು. ಡಿಕ್ಟೇಶನ್ ಅಂದರೇನು ಅಂತ ನಾನು ಪ್ರೈಮರಿ ಶಾಲೆಯಲ್ಲೇ ಕಲಿತಿದ್ದೆ.

ಆರನೇ ಸೆಮಿಸ್ಟರಿನ ಹೀಟ್ ಟ್ರಾನ್ಸ್‌ಫರ್ ಲ್ಯಾಬ್ ನನಗೆ ಇನ್ನೂ ನೆನಪಿದೆ. ಮೂರು ಬಗೆಯ ಪದರ ಇರುವ ಒಂದು ಗೋಡೆಯ ಮಾದರಿ. ಒಂದು ಕಡೆ ಬಿಸಿ ಮಾಡಬೇಕು, ಒಂದೊಂದು ಪದರದಲ್ಲೂ ಎಷ್ಟು ಉಷ್ಣತೆ ಇದೆ ಅಂತ ಥರ್ಮೋಕಪಲ್‌ನಿಂದ ಓದಬೇಕು. ನಾವು ಹೀಟರ್ ಹಾಕಿದೆವು. ಮೀಟರ್ 31 ತೋರಿಸಿತು. ಅರ್ಧ ಗಂಟೆ ಕಾದೆವು, 31. ಎಲ್ಲ ಪಾಯಿಂಟುಗಳಲ್ಲೂ 31. ಗೆಳೆಯನೊಬ್ಬ ಹೀಟರ್ ಆಫ್ ಮಾಡಿ ನೋಡಿದ, ಆಗಲೂ 31! ಲ್ಯಾಬ್ ಸರ್‌ಗೆ ತೋರಿಸಿದೆವು. ಅವರು ನಕ್ಕು, "ಅದು ಎರಡು ವರ್ಷದಿಂದ ಹಂಗೇ ಐತಿ. ಸೀನಿಯರ್ಸ್ ರೆಕಾರ್ಡ್ ನೋಡಿ ರೀಡಿಂಗ್ ಬರ್ಕೊಳ್ರಿ" ಅಂದರು. ನಾವು ಬರೆದುಕೊಂಡೆವು. ಆ ಸೀನಿಯರ್ಸ್ ಅವರ ಸೀನಿಯರ್ಸ್ ರೆಕಾರ್ಡಿನಿಂದ ಬರೆದಿದ್ದರು. ಮೊದಲು ಯಾರು ನಿಜವಾಗಿ ಅಳೆದಿದ್ದರೋ ಆ ಪುಣ್ಯಾತ್ಮನಿಗೇ ಗೊತ್ತು.

ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಒಂದು ಮನವಿ ಬರೆದೆವು. ಘೋಷಣೆ ಇಲ್ಲ, ಬೈಗುಳ ಇಲ್ಲ. ಲ್ಯಾಬ್ ಉಪಕರಣ ರಿಪೇರಿ ಮಾಡಿಸಿ, ಖಾಲಿ ಇರುವ ವಿಷಯಕ್ಕೆ ಮೇಷ್ಟ್ರನ್ನು ಹಾಕಿ, ತಗೊಂಡ ದುಡ್ಡಿಗೆ ರಸೀದಿ ಕೊಡಿ. ಮೂರೇ ಬೇಡಿಕೆ. ಬರೆದವನು ನನ್ನ ರೂಮ್‌ಮೇಟ್, ಅವನ ಅಕ್ಷರ ಚೆನ್ನಾಗಿತ್ತು. ಐವತ್ತೆಂಟು ಜನರ ತರಗತಿಯಲ್ಲಿ ನಲವತ್ತಮೂರು ಜನ ಸಹಿ ಹಾಕಿದರು. ನನ್ನದು ಎರಡನೇ ಸಹಿ.

ಮೂರನೇ ದಿನ ಮೊದಲ ಹತ್ತು ಸಹಿಗಳವರ ಮನೆಗೆ ಕಾಗದ ಹೋಯಿತು: ನಿಮ್ಮ ಮಗ ಅಶಿಸ್ತು ತೋರಿಸಿದ್ದಾನೆ, ಬಂದು ಕಾಣಿರಿ. ಅಪ್ಪ ಬೆಳಗಿನ ಬಸ್ಸಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ವಲ್ಲಿ. ಪ್ರಿನ್ಸಿಪಾಲರ ಕೋಣೆಯ ಹೊರಗೆ ಹನ್ನೊಂದರಿಂದ ಮೂರರವರೆಗೆ ನಿಂತೇ ಇದ್ದರು. ಬೆಂಚು ಇತ್ತು, ಕೂರಿ ಅಂತ ಯಾರೂ ಹೇಳಲಿಲ್ಲ, ಅಪ್ಪ ತಾವಾಗಿ ಕೂರುವವರಲ್ಲ. ಒಳಗೆ ಕರೆದಾಗ ಪ್ರಿನ್ಸಿಪಾಲರು ಹೇಳಿದ್ದು ಇಷ್ಟೇ: "ಏನ್ರೀ, ಮಗ ಪಾಸಾಗೋದು ಬೇಕೋ ಬೇಡ್ವೋ? ಇಂಟರ್ನಲ್ ಮಾರ್ಕ್ಸ್ ನಮ್ಮ ಕೈಲಿದೆ." ಒಂದೊಂದು ವಿಷಯಕ್ಕೂ 25 ಇಂಟರ್ನಲ್ ಅಂಕ, ಜೊತೆಗೆ ಹಾಜರಿ ಪಟ್ಟಿ. ಇವೆರಡೂ ಇದ್ದರೆ ಬೇರೆ ಬೆತ್ತ ಬೇಕಿಲ್ಲ.

ಮೇಜಿನ ಮೇಲೆ ಬಿಳಿ ಹಾಳೆ ಇಟ್ಟರು. "ತಪ್ಪಾಯಿತು, ಬೇರೆಯವರ ಮಾತು ಕೇಳಿ ಸಹಿ ಮಾಡಿದೆ" ಅಂತ ಬರೆಯಬೇಕು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬೈಯಲಿಲ್ಲ. "ಬರೆದು ಕೊಟ್ಟುಬಿಡಪ್ಪ, ಬಸ್ಸಿಗೆ ಹೊತ್ತಾತು" ಅಂದರು.

ಬರೆದುಕೊಟ್ಟೆ. "ಬೇರೆಯವರ ಮಾತು ಕೇಳಿ" ಅನ್ನುವ ಆ ಸಾಲನ್ನೂ ಬರೆದೆ. ಆ ಬೇರೆಯವನು ಯಾರು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ರೂಮ್‌ಮೇಟ್ ಬರೆದುಕೊಡಲಿಲ್ಲ. "ಸರ್, ಮೀಟರ್ 31 ತೋರಿಸ್ತಿರೋದು ನಿಜ. ಅದರಾಗ ನನ್ನ ತಪ್ಪೇನೈತ್ರಿ?" ಅಂದನಂತೆ. ಆ ಸೆಮಿಸ್ಟರ್ ಅವನಿಗೆ ಹಾಜರಿ ಕಡಿಮೆ ಅಂತ ಪಟ್ಟಿಯಲ್ಲಿ ಬಂತು. ಪರೀಕ್ಷೆಗೆ ಕೂರಿಸಲಿಲ್ಲ. ಒಂದು ವರ್ಷ ಹೋಯಿತು. ಅವನು ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ನನಗೆ ಹಾಜರಿ ಇತ್ತು, ಅವನಿಗೆ ಇರಲಿಲ್ಲ. ನಾನು ಹೋಗಿ ಸಾಕ್ಷಿ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ವರ್ಷ ವಿಶ್ವವಿದ್ಯಾಲಯದಿಂದ ತಪಾಸಣಾ ಸಮಿತಿ ಬಂತು. ಅದರ ಹಿಂದಿನ ವಾರ ಗೋಡೆಗೆ ಸುಣ್ಣ ಬಣ್ಣ, ಲೈಬ್ರರಿಗೆ ಹೊಸ ಪುಸ್ತಕ. ನಾವು ಎಂದೂ ನೋಡದ ನಾಲ್ಕು ಮುಖಗಳು ಟೈ ಕಟ್ಟಿಕೊಂಡು ಸ್ಟಾಫ್ ರೂಮಿನಲ್ಲಿ ಕೂತವು. ಸಮಿತಿಯ ಮುಂದೆ ಮಾತಾಡಲು "ಒಳ್ಳೆ ಹುಡುಗರು" ಬೇಕು ಅಂತ ಐದು ಜನರನ್ನು ಆರಿಸಿದರು. ಕ್ಷಮಾಪಣೆ ಬರೆದುಕೊಟ್ಟವನು ನಾನು, ಹಾಗಾಗಿ ಒಳ್ಳೆ ಹುಡುಗ. ಸಮಿತಿಯ ಹಿರಿಯರೊಬ್ಬರು ನನ್ನನ್ನೇ ಕೇಳಿದರು: "ಲ್ಯಾಬ್ ಎಲ್ಲ ಸರಿಯಾಗಿ ನಡೆಯುತ್ತದೇನಪ್ಪ?" ಪ್ರಿನ್ಸಿಪಾಲರು ಕೋಣೆಯಲ್ಲಿ ಇರಲಿಲ್ಲ. ಬಾಗಿಲೂ ಮುಚ್ಚಿತ್ತು. ಹೇಳಬಹುದಿತ್ತು. "ಎಲ್ಲ ಚೆನ್ನಾಗಿದೆ ಸರ್" ಅಂದೆ.

2006ರಲ್ಲಿ ಫಸ್ಟ್ ಕ್ಲಾಸ್ ಪಾಸಾದೆ. ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆ ಅಂತ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬೇಕಾಯಿತು. ಬೀರುವಿನಿಂದ ಅದನ್ನು ಬಿಡಿಸಿಕೊಳ್ಳಲು ಮೂರು ಸಲ ಹೋದೆ, ಕೊನೆಗೆ ಏನೋ ಒಂದು ಫಂಡಿಗೆ ದುಡ್ಡು ಕಟ್ಟಿದ ಮೇಲೆ ಕೊಟ್ಟರು. 2009ರಲ್ಲಿ ಕುವೈತ್‌ಗೆ ಬಂದೆ, ಚಿಲ್ಲರ್ ಮೇಂಟೆನೆನ್ಸ್ ಕೆಲಸ.

ಈ ಊರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿದ್ದನ್ನು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿದೆ. ಅಂಥ ಕಡೆ ಎಸಿ ನಿಂತರೆ ಏನಾಗುತ್ತದೆ ಅಂತ ಮನೆ ಕೆಲಸದವರಿಂದ ಆಸ್ಪತ್ರೆಯ ಸಿಸ್ಟರ್‌ಗಳವರೆಗೆ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಸೇರಿದ ಎರಡನೇ ವಾರ ಫೋರ್‌ಮನ್ ಕೈಗೆ ಒಂದು ಥರ್ಮೋಕಪಲ್ ಕೊಟ್ಟು, "ಎಂಜಿನಿಯರ್ ಸಾಬ್, ರೀಡಿಂಗ್ ಲೇಲೋ" ಅಂದರು. ಅವರು ಕೇರಳದವರು, ಐಟಿಐ ಓದಿದವರು. ನನಗೆ ಅದನ್ನು ಎಲ್ಲಿ ಸಿಕ್ಕಿಸಬೇಕು ಅಂತ ಗೊತ್ತಾಗಲಿಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು ಬೆವರು ಒರೆಸಿಕೊಳ್ಳುತ್ತಾ ನಿಂತೆ. ಅವರು ನಗಲಿಲ್ಲ. ಯಾರೂ ಇಲ್ಲದಾಗ ಪಕ್ಕಕ್ಕೆ ಕರೆದು ತೋರಿಸಿಕೊಟ್ಟರು. ನನ್ನ ನಿಜವಾದ ಹೀಟ್ ಟ್ರಾನ್ಸ್‌ಫರ್ ಲ್ಯಾಬ್ ಶುವೈಖ್‌ನ ಒಂದು ಗೋದಾಮಿನ ಮಾಳಿಗೆಯ ಮೇಲೆ ನಡೆಯಿತು.

ಹೀಗೆ ಒಂಬತ್ತು ವರ್ಷ ದುಡಿದೆ, ಕಲಿತೆ. 2018 ಬಂತು. ಆ ವರ್ಷ ಎಂಜಿನಿಯರ್ ಪದವಿನಾಮ ಇರುವ ವಿದೇಶಿಯರ ಅಕಾಮಾ ನವೀಕರಣಕ್ಕೆ ಕುವೈತ್ ಎಂಜಿನಿಯರುಗಳ ಸಂಘದ ಒಪ್ಪಿಗೆ ಪತ್ರ ಕಡ್ಡಾಯ ಮಾಡಿದರು. ಭಾರತದಲ್ಲಿ ಓದಿದವರ ವಿಷಯದಲ್ಲಿ ಸಂಘ ನೋಡಿದ್ದು ಒಂದನ್ನೇ: ನೀವು ಓದಿದ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ? ಎನ್‌ಬಿಎ ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿ. 1994ರಲ್ಲಿ ಎಐಸಿಟಿಇ ಅಡಿಯಲ್ಲಿ ಶುರುವಾಗಿ, 2010ರಲ್ಲಿ ಸ್ವಾಯತ್ತವಾದದ್ದು. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆದದ್ದು ಇದೇ ಮಂಡಳಿಯ ಮೂಲಕ.

ನಮ್ಮವರು ಸಾವಿರಾರು ಜನ ಸಿಕ್ಕಿಹಾಕಿಕೊಂಡರು. ನಮ್ಮ ಕೂಟದಲ್ಲೇ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತ್ತು ಅಂತ ನಿಮಗೆ ನೆನಪಿರಬಹುದು. ಆ ನಿಯಮದಲ್ಲಿ ಅನ್ಯಾಯವೂ ಇತ್ತು. ಎನ್‌ಬಿಎ ಮಾನ್ಯತೆ ಊರಿನಲ್ಲಿ ಕಡ್ಡಾಯ ಇರಲಿಲ್ಲ. ಒಳ್ಳೆಯ ಕಾಲೇಜುಗಳೂ ಅದಕ್ಕೆ ಅರ್ಜಿ ಹಾಕಿರಲಿಲ್ಲ. ಮಂಡಳಿ ಹುಟ್ಟುವ ಮೊದಲೇ ಓದಿ ಮುಗಿಸಿ, ಇಲ್ಲಿ ಇಪ್ಪತ್ತೈದು ವರ್ಷ ದುಡಿದ ಹಿರಿಯರಿಗೂ ಅದೇ ಪ್ರಶ್ನೆ ಹಾಕಿದರು. ನಮ್ಮ ರಾಯಭಾರ ಕಚೇರಿ ಇಲ್ಲಿನ ಅಧಿಕಾರಿಗಳ ಜೊತೆ ಮಾತಾಡಿತು. ಆದರೆ ಅಕಾಮಾದ ದಿನಾಂಕ ಯಾರ ಮಾತುಕತೆಗೂ ಕಾಯುವುದಿಲ್ಲವಲ್ಲ. ಬಹಳ ಜನ ಪದವಿನಾಮ ಬದಲಿಸಿಕೊಂಡು ಉಳಿದರು. ನಾನೂ ಹಾಗೇ ಉಳಿದೆ.

ಕಾಲೇಜಿಗೆ ಫೋನ್ ಮಾಡಿದೆ. "ಮೆಕ್ಯಾನಿಕಲ್‌ಗೆ ಎನ್‌ಬಿಎ ಇಲ್ಲ, ನಾವು ಯಾವತ್ತೂ ಅಪ್ಲೈ ಮಾಡಿಲ್ಲ" ಅಂದರು ಕ್ಲರ್ಕ್. ಯಾಕೆ ಮಾಡಿಲ್ಲ ಅಂತ ನಾನು ಕೇಳಲಿಲ್ಲ. ಉತ್ತರ ನನಗೇ ಗೊತ್ತಿತ್ತು. ಆ ಮಂಡಳಿಯವರು ಲ್ಯಾಬ್ ನೋಡುತ್ತಾರೆ, ಮೇಷ್ಟ್ರುಗಳ ಲೆಕ್ಕ ನೋಡುತ್ತಾರೆ, ವಿದ್ಯಾರ್ಥಿಗಳನ್ನು ಕೇಳುತ್ತಾರೆ. 31 ಡಿಗ್ರಿಯ ಮೀಟರ್ ಇಟ್ಟುಕೊಂಡು ಅವರನ್ನು ಕರೆಯೋದು ಹೇಗೆ? ನಾನು ಅವತ್ತು ಸಮಿತಿಯ ಮುಂದೆ ನಿಜ ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಒಬ್ಬ ಹುಡುಗನ ಮಾತಿಗೆ ಅಷ್ಟು ಬಲ ಇರುವುದಿಲ್ಲ. ಆದರೆ ಕೇಳುವವರು ಬಂದು ಕೇಳಿದಾಗ ನಾನು ಮುಚ್ಚಿಟ್ಟೆ. ಹದಿಮೂರು ವರ್ಷದ ಮೇಲೆ ಅದರ ಬಿಲ್ಲು ನನ್ನ ಕೈಗೇ ಬಂತು.

ಅದೇ ವಾರ ನನ್ನ ಹಳೇ ರೂಮ್‌ಮೇಟಿನ ನಂಬರ್ ಹುಡುಕಿದೆ. ಕಾಲೇಜು ಬಿಟ್ಟ ಮೇಲೆ ಮಾತೇ ಆಡಿರಲಿಲ್ಲ. ಅವನು ಒಂದು ವರ್ಷ ತಡವಾಗಿ ಪಾಸಾಗಿ, ಆಮೇಲೆ ಎಂ.ಟೆಕ್. ಮಾಡಿ, ಈಗ ಡಿಪ್ಲೊಮಾ ಕಾಲೇಜಿನಲ್ಲಿ ಮೇಷ್ಟ್ರು. ನಾನು ತಡವರಿಸುತ್ತಾ ಆ ಕ್ಷಮಾಪಣೆ ಪತ್ರದ ವಿಷಯ ತೆಗೆದೆ. "ನಿಮ್ಮಪ್ಪ ಅಷ್ಟೊತ್ತು ನಿಂತಿದ್ದು ನಾನೂ ನೋಡೇನಿ ಬಿಡೋ" ಅಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ, "ಪತ್ರ ಹೋಗ್ಲಿ. ಹಾಜರಿ ವಿಷಯಕ್ಕರ ನೀ ಬಂದು ಒಂದು ಮಾತು ಹೇಳ್ತೀ ಅನ್ಕೊಂಡಿದ್ದೆ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವನು ಈಗ ಪ್ರತಿ ಸೆಮಿಸ್ಟರ್ ಶುರುವಾಗುವ ಮೊದಲು ಲ್ಯಾಬಿನ ಎಲ್ಲ ಮೀಟರುಗಳನ್ನೂ ತಾನೇ ಪರೀಕ್ಷೆ ಮಾಡುತ್ತಾನಂತೆ. ಕೆಟ್ಟಿದ್ದರೆ ಅದರ ಮೇಲೆ "ಕೆಟ್ಟಿದೆ" ಅಂತ ಚೀಟಿ ಅಂಟಿಸುತ್ತಾನಂತೆ. "ರಿಪೇರಿ ಆಗೋದು ನನ್ನ ಕೈಲಿಲ್ಲ. ಹುಡುಗರ ಕೈಲಿ ಸುಳ್ಳು ಬರೆಸಬಾರದು ಅನ್ನೋದು ನನ್ನ ಕೈಲೈತಿ" ಅಂದ.

ಇನ್ನು ಹೆತ್ತವರಿಗೆ ಎರಡು ಮಾತು. ನಮ್ಮ ಕರ್ನಾಟಕದಲ್ಲಿ ಈ ಜಗಳ ಹಳೆಯದು. ಡೊನೇಷನ್ ಹಾವಳಿ ತಡೆಯಲು 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾನೂನು ಬಂತು. ಮೀರತ್‌ನಿಂದ ಇಲ್ಲಿಗೆ ವೈದ್ಯಕೀಯ ಓದಲು ಬಂದ ಮೋಹಿನಿ ಜೈನ್ ಅವರಿಗೆ ವರ್ಷಕ್ಕೆ 60,000 ರೂಪಾಯಿ ಕೇಳಿದ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 1992ರಲ್ಲಿ ಕ್ಯಾಪಿಟೇಶನ್ ಶುಲ್ಕ ತಪ್ಪು ಅಂತ ತೀರ್ಪಾಯಿತು. ಅಷ್ಟಾದರೂ ರಸೀದಿ ಇಲ್ಲದ ದುಡ್ಡು ಪೂರ್ತಿ ನಿಂತಿಲ್ಲ, ಯಾಕೆಂದರೆ ಕೊಡುವವರು ನಾವೇ. ಗಲ್ಫ್‌ನಲ್ಲಿದ್ದಾರೆ ಅಂದರೆ ಕೇಳುವ ಮೊತ್ತವೂ ದೊಡ್ಡದಾಗುತ್ತದೆ. ನಾವು ಇಲ್ಲಿ ಬಂಕ್ ಬೆಡ್ಡಿನಲ್ಲಿ ಮಲಗೋದು ಅವರಿಗೆ ಕಾಣುವುದಿಲ್ಲ.

ಹಾಗಾಗಿ ಇಷ್ಟು ಮಾಡಿ. ಕಾಲೇಜಿನ ಕಾರಂಜಿ ನೋಡಬೇಡಿ. ಎನ್‌ಬಿಎ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ ಕೊಡುವುದು. ಅದಕ್ಕೆ ಅವಧಿಯೂ ಇರುತ್ತದೆ. ಕಂಪ್ಯೂಟರ್ ಸೈನ್ಸಿಗೆ ಇದ್ದರೆ ಮೆಕ್ಯಾನಿಕಲ್‌ಗೂ ಇದೆ ಅಂತಲ್ಲ. "ನಮ್ಮದು ನ್ಯಾಕ್ ಕಾಲೇಜು" ಅಂದರೆ ಅದು ಸಂಸ್ಥೆಗೆ ಸಿಗುವ ಬೇರೆ ಮಾನ್ಯತೆ. ಮಂಡಳಿಯ ಪಟ್ಟಿಯಲ್ಲಿ ನಿಮ್ಮ ಮಗು ಸೇರುವ ಕೋರ್ಸಿನ ಹೆಸರನ್ನೇ ಹುಡುಕಿ. ಎನ್‌ಐಟಿಗಳ ಡಾಸಾ ಪ್ರವೇಶದಲ್ಲಿ ಗಲ್ಫ್ ಕೆಲಸಗಾರರ ಮಕ್ಕಳಿಗೆ ಅಂತಲೇ ಒಂದು ಪಾಲಿದೆ, ಏಜೆಂಟರ ಹತ್ತಿರ ಹೋಗುವ ಮೊದಲು ಅದನ್ನು ವಿಚಾರಿಸಿ. ಊರಿಗೆ ಹೋದಾಗ ಆಫೀಸಿನಲ್ಲಿ ಕೂತು ಕಾಫಿ ಕುಡಿದು ಬರಬೇಡಿ. ಹಾಸ್ಟೆಲ್ಲಿನ ಹತ್ತಿರ ನಿಂತು ಮೂರನೇ ವರ್ಷದ ಹುಡುಗರನ್ನು ಕೇಳಿ: "ಮೇಷ್ಟ್ರು ಬರ್ತಾರಾ? ಲ್ಯಾಬಿನಲ್ಲಿ ಮಶೀನ್ ಓಡುತ್ತಾ?" ಅವರ ಮುಖ ನೋಡಿದರೆ ತಿಳಿಯುತ್ತದೆ.

ಮೂಲ ಮಾರ್ಕ್ಸ್ ಕಾರ್ಡ್ ಕೊಟ್ಟು ಬರಬೇಡಿ. ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. 2023ರ ಯುಜಿಸಿ ನಿಯಮದ ಪ್ರಕಾರ ವಿದ್ಯಾರ್ಥಿಗಳ ದೂರು ಕೇಳುವ ಸಮಿತಿ ಇರಬೇಕು, ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿ ಸರಿಹೋಗದಿದ್ದರೆ ವಿಶ್ವವಿದ್ಯಾಲಯ ನೇಮಿಸಿದ ಓಂಬುಡ್ಸ್‌ಪರ್ಸನ್ ಹತ್ತಿರ ಮೇಲ್ಮನವಿ ಹಾಕಬಹುದು. ನಮ್ಮ ಕಾಲದಲ್ಲಿ ನಮಗೆ ಇದ್ದದ್ದು ಒಂದು ಬಿಳಿ ಹಾಳೆ, ಅದೂ ಕ್ಷಮಾಪಣೆ ಬರೆಯಲು. ನಿಯಮ ಕಾಗದದ ಮೇಲಿದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ನಿಜ. ಆದರೆ ಕೇಳುವ ಹುಡುಗನ ಬೆನ್ನಿಗೆ ಮನೆಯವರು ನಿಂತರೆ ಅರ್ಧ ಕೆಲಸ ಆಗುತ್ತದೆ.

ಇದೇ ನನ್ನ ಮುಖ್ಯ ಮಾತು. ನಾಳೆ ನಿಮ್ಮ ಮಗನೋ ಮಗಳೋ ಊರಿನಿಂದ ಫೋನ್ ಮಾಡಿ, "ಪಪ್ಪಾ, ಇಲ್ಲಿ ಪಾಠ ಸರಿ ಇಲ್ಲ" ಅಂದರೆ, "ನಾವು ಇಲ್ಲಿ ಬೆವರು ಸುರಿಸಿ ದುಡ್ಡು ಕಳಿಸ್ತೀವಿ, ನಿನಗೆ ಸುಮ್ಮನೆ ಓದೋಕೆ ಏನು ಕಷ್ಟ" ಅಂತ ಬಾಯಿ ಮುಚ್ಚಿಸಬೇಡಿ. ಸೋಮಾರಿತನಕ್ಕೆ ದೂರುತ್ತಿದ್ದಾರೋ, ನಿಜವಾಗಿ ಕೊರತೆ ಇದೆಯೋ ಅಂತ ಎರಡು ಪ್ರಶ್ನೆ ಕೇಳಿದರೆ ಗೊತ್ತಾಗುತ್ತದೆ. ಬೆವರು ಸುರಿಸಿದ ದುಡ್ಡು ಅನ್ನೋ ಕಾರಣಕ್ಕೇ ಕೇಳಬೇಕು.

ನನ್ನ ಅಪ್ಪ ಈಗ ಇಲ್ಲ. ಅವರು ಆ ದಿನದ ವಿಷಯವನ್ನು ಮತ್ತೆ ಎಂದೂ ಎತ್ತಲಿಲ್ಲ. ಒಂದು ಸಲ ರಜೆಗೆ ಹೋದಾಗ ಮಾತ್ರ, ಹೊಲದ ಬದುವಿನ ಮೇಲೆ ಕೂತು, "ಆ ಮಷೀನು ಖರೇನ ಕೆಟ್ಟಿತ್ತೇನಪ್ಪ?" ಅಂತ ಕೇಳಿದರು. ಹೌದಪ್ಪ ಅಂದೆ. ತಲೆ ಅಲ್ಲಾಡಿಸಿ ಸುಮ್ಮನಾದರು.

ನನ್ನ ಮಗಳು ಈ ವರ್ಷ ಹನ್ನೆರಡನೇ ತರಗತಿ, ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಮೆಕ್ಯಾನಿಕಲ್ಲೇ ಬೇಕು ಅನ್ನುತ್ತಾಳೆ. ಅವಳಿಗೆ ಎಲ್ಲರ ಮುಂದೆ ಹೇಳುತ್ತಿದ್ದೇನೆ: ಮೀಟರ್ ಏನು ತೋರಿಸುತ್ತದೋ ಅದನ್ನೇ ಬರಿ. ಕೆಟ್ಟಿದ್ದರೆ ಕೆಟ್ಟಿದೆ ಅಂತ ಬರಿ. ಅದಕ್ಕೆ ನನ್ನನ್ನು ಕರೆಸಿದರೆ ಟಿಕೆಟ್ ಮಾಡಿಸಿಕೊಂಡು ಬರುತ್ತೇನೆ. ಆ ಕೋಣೆಯ ಹೊರಗೆ ಬೆಂಚಿದ್ದರೆ ಕೂತುಕೊಂಡೇ ಕಾಯುತ್ತೇನೆ.